ಅಂಗೈಯ ಒಂದು ಗುಟುಕು

ಆ ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ, ನೀರಿನ ಪೈಪುಗಳು ತಲೆಗೆ ತಾಗುವಷ್ಟು ಕೆಳಗೆ ಹಾದುಹೋಗುವ ಮೂಲೆಯಲ್ಲಿ, ಒಂದು ಟೀ ಕ್ಯಾಂಟೀನು. ಕ್ಯಾಂಟೀನು ಅನ್ನುವುದು ದೊಡ್ಡ ಮಾತಾಯಿತು. ಒಂದು ಕಟ್ಟೆ, ಕಟ್ಟೆಯ ಹಿಂದೆ ಎರಡು ಒಲೆ, ಅದರ ಹಿಂದೆ ಗೋಡೆ. ನಡುವೆ ಒಬ್ಬರು ನಿಲ್ಲಬಹುದು. ಇಬ್ಬರು ನಿಂತರೆ ಒಬ್ಬರು ಉಸಿರು ಬಿಟ್ಟಾಗ ಮಾತ್ರ ಇನ್ನೊಬ್ಬರು ಎಳೆದುಕೊಳ್ಳಬೇಕು. ಒಳಗೆ ಹೋಗಲು ಬಾಗಿಲಿಲ್ಲ. ಕಟ್ಟೆಯ ಒಂದು ಹಲಗೆ ಎತ್ತಿ, ಬಗ್ಗಿ ನುಸುಳಿ, ಮತ್ತೆ ಹಲಗೆ ಇಳಿಸಬೇಕು. ಮದುವೆಯಾದ ಮರುವರ್ಷ ಹಾಗೆ ಬಗ್ಗಿ ಒಳಗೆ ನುಸುಳಿದ ಹೆಂಗಸು ಕೂದಲು ನರೆತರೂ ಅಲ್ಲೇ ಇದ್ದಳು. ಹೊರಗಿನ ಬೆಳಕು ಅವಳಿಗೆ ಕಾಣುತ್ತಿದ್ದುದು ಬೆಳಿಗ್ಗೆ ಬರುವಾಗ, ಸಂಜೆ ಹೋಗುವಾಗ. ಕಟ್ಟಡದವರೆಲ್ಲ ಅವಳನ್ನು ಟೀ ಅಕ್ಕ ಅನ್ನುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ಹಿರಿಯನಾದ ಲಿಫ್ಟಿನವನಿಗೂ ಅವಳು ಅಕ್ಕನೇ.

ಅವಳ ಟೀ ಅಂದರೆ ಟೀ. ಮೇಲಿನ ಅಂತಸ್ತುಗಳಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗಾಗದ ಸಾಹೇಬರೂ ಆ ವಿಷಯದಲ್ಲಿ ಒಮ್ಮತಕ್ಕೆ ಬರುತ್ತಿದ್ದರು. ಗುಟ್ಟೇನೂ ಇಲ್ಲ. ಪ್ರತಿ ಪಾತ್ರೆ ಕುದಿ ಬಂದಾಗ ಸೌಟಿನಿಂದ ಎಡಗೈ ಅಂಗೈಗೆ ಒಂದಿಷ್ಟು ಹೊಯ್ದುಕೊಂಡು, ಸುರ್ ಅಂತ ಹೀರಿ, ಕಣ್ಣು ಅರೆಮುಚ್ಚಿ ನುಂಗುತ್ತಿದ್ದಳು. ಆಮೇಲೆ ಒಂದು ಚಿಟಿಕೆ ಸಕ್ಕರೆಯೋ, ಇನ್ನೊಂದು ಕುದಿಯೋ, ಏನು ಬೇಕೋ ಅದು. ಮೊದಲು ಆ ಕ್ಯಾಂಟೀನು ನಡೆಸುತ್ತಿದ್ದ ಅವಳ ಸೋದರತ್ತೆ ಹೇಳಿಕೊಟ್ಟ ಪಾಠ ಅದು. "ನಾಲಗೆ ಮೇಲಿಟ್ಟರೆ ಸಕ್ಕರೆ ಗೊತ್ತಾಗುತ್ತೆ ಕಣೇ, ಗಂಟಲಲ್ಲಿ ಇಳಿದರೆ ಮಾತ್ರ ಟೀ ಗೊತ್ತಾಗೋದು" ಎಂದಿದ್ದಳು ಅತ್ತೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಅಂಗೈ ಮಾತ್ರ ಪಾಠ ಮರೆಯಲಿಲ್ಲ. ಅದರ ನಡುಭಾಗ ಯಾವ ಸೋಪಿಗೂ ಜಗ್ಗದ ಕಂದು ಬಣ್ಣಕ್ಕೆ ತಿರುಗಿತ್ತು.

ಅವಳ ಗಂಡ ಅಚ್ಚುಕೂಟವೊಂದರಲ್ಲಿ ತಪ್ಪು ತಿದ್ದುವ ಕೆಲಸದಲ್ಲಿದ್ದವನು. ಅಚ್ಚುಕೂಟ ಮುಚ್ಚಿತು, ತಪ್ಪು ಹುಡುಕುವ ಚಟ ಮುಚ್ಚಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಬೀದಿಯವರು ಅವನನ್ನು ಕರೆಯುತ್ತಿದ್ದುದೂ ಅದೇ ಹೆಸರಿನಿಂದ. ಔಷಧಿ ಚೀಟಿ, ಬಸ್ಸಿನ ಟಿಕೆಟ್ಟು, ಬೆಂಕಿಪೊಟ್ಟಣದ ಹಿಂಭಾಗ, ಅಕ್ಷರ ಕಂಡಲ್ಲಿ ಅವನ ಕನ್ನಡಿ ಹೋಗುತ್ತಿತ್ತು. ಅಚ್ಚಾದದ್ದರಲ್ಲಿ ಏನೇ ಅಡಗಿದ್ದರೂ ಹೊರಗೆಳೆಯುತ್ತಿದ್ದ. ಅಚ್ಚಾಗದ್ದು ಕಣ್ಣೆದುರು ಕುಣಿದರೂ ಅವನಿಗೆ ಕಾಣುತ್ತಿರಲಿಲ್ಲ.

ಮೊದಲು ಶುರುವಾದದ್ದು ತುರಿಕೆ. ತೋಳು, ಬೆನ್ನು, ಕಾಲು, ಎಲ್ಲ ಕಡೆ. ಒಲೆಯ ಬಿಸಿ ಇರಬೇಕು ಅಂದುಕೊಂಡು ಎಣ್ಣೆ ಹಚ್ಚಿಕೊಂಡಳು. ಆಮೇಲೆ ಪಾದ ಊದಿತು. ನಿಂತೂ ನಿಂತೂ ಇರಬೇಕು ಅಂದುಕೊಂಡಳು. ಕೊನೆಗೆ ಆಸ್ಪತ್ರೆಗೆ ಹೋದರೆ ಡಾಕ್ಟರು, ಮೂತ್ರಪಿಂಡಗಳು ಮುಕ್ಕಾಲು ಪಾಲು ಕೆಲಸ ನಿಲ್ಲಿಸಿವೆ, ಉಳಿದದ್ದನ್ನಾದರೂ ಕಾಪಾಡಿಕೊಳ್ಳಿ ಅಂದರು. ಅವಳು ತನಗೆ ಗೊತ್ತಿಲ್ಲದ ಭಾಷೆಯಲ್ಲಿ ಬೈಸಿಕೊಂಡವಳ ಹಾಗೆ ತಲೆಯಾಡಿಸಿದಳು.

ಪಥ್ಯ ಹೇಳುವ ಮೇಡಂ ಕೋಣೆಗೆ ಹೋಗುವ ದಾರಿಯಲ್ಲಿ ಗಾಜಿನ ಬಾಗಿಲಿನ ಇನ್ನೊಂದು ಕೋಣೆ ಇತ್ತು. ಒಳಗೆ ಸಾಲು ಮಂಚ, ಮಂಚಕ್ಕೊಂದು ಯಂತ್ರ, ಯಂತ್ರಕ್ಕೂ ಮನುಷ್ಯರಿಗೂ ನಡುವೆ ಕೆಂಪು ಕೊಳವೆ. ಅವಳ ವಯಸ್ಸಿನ ಹೆಂಗಸೊಬ್ಬಳು ಚಾವಣಿ ನೋಡುತ್ತ ಮಲಗಿದ್ದಳು. ದಿನ ಬಿಟ್ಟು ದಿನ ಬಂದು ಅರ್ಧ ದಿನ ಹೀಗೇ ಮಲಗಬೇಕಂತೆ, ಬದುಕಿರುವವರೆಗೂ. ಟೀ ಅಕ್ಕನ ಕಾಲು ಅಲ್ಲೇ ನಿಂತುಬಿಟ್ಟಿತು. ಹಲಗೆಯ ಹಿಂದೆ ನಿಂತು ಕಳೆದದ್ದು ಸಾಲದೆ ಇನ್ನು ಮಲಗಿ ಬೇರೆ ಕಳೆಯಬೇಕೆ ಅಂತ ಅವಳಿಗೆ ಅಳು ಬಂತು. ಏನು ಬೇಕಾದರೂ ಬಿಡುತ್ತೇನೆ, ಆ ಕೋಣೆಗೆ ಮಾತ್ರ ಬರಲಾರೆ ಅಂತ ಅಲ್ಲೇ ತೀರ್ಮಾನ ಮಾಡಿದಳು.

"ನಿಮ್ಮ ರಕ್ತದಲ್ಲಿ ಫಾಸ್ಫರಸ್ ಜಾಸ್ತಿ ಇದೆ. ತುರಿಕೆ ಅದರಿಂದಾನೂ ಇರಬಹುದು" ಅಂದರು ಪಥ್ಯದ ಮೇಡಂ. "ಹಾಲಲ್ಲಿ ಫಾಸ್ಫರಸ್ಸೂ ಇರುತ್ತೆ, ಪೊಟ್ಯಾಶಿಯಮ್ಮೂ ಇರುತ್ತೆ. ನಿಮ್ಮ ಕಿಡ್ನಿಗೆ ಅದನ್ನ ಹೊರಗೆ ಹಾಕೋ ಶಕ್ತಿ ಇಲ್ಲ. ದಿನಕ್ಕೆ ಎಷ್ಟು ಟೀ ಕುಡೀತೀರಾ?"

"ನಾನಾ? ಬೆಳಿಗ್ಗೆ ಮನೇಲಿ ಒಂದು, ಸಂಜೆ ಒಂದು. ಮಾಡೋಳಿಗೆ ಕುಡಿಯೋಕೆ ಎಲ್ಲಿ ಪುರುಸೊತ್ತು ಮೇಡಂ?"

"ಹಾಗಾದ್ರೆ ಸುಲಭ. ಆ ಎರಡಕ್ಕೆ ಬೇರೆ ಹಾಲು ನೋಡಿ. ಬಾದಾಮಿದೋ ಅಕ್ಕಿದೋ ಆಗಬಹುದು. ಹಾಲಿಗೆ ಬಾದಾಮಿ ಹಾಕಿದ್ದಲ್ಲ, ಬಾದಾಮಿಯನ್ನೇ ನೀರಲ್ಲಿ ಅರೆದು ಹಿಂಡಿದ್ದು. ಸೋಯಾ ನಿಮಗೆ ಬೇಡ, ಗಟ್ಟಿ ತೆಂಗಿನ ಹಾಲೂ ಬೇಡ. ಪ್ಯಾಕೆಟ್ ತಗೊಂಡ್ರೆ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಎಲ್ಲಾದ್ರೂ ಫಾಸ್ಫೇಟ್ ಅಂತ ಕಂಡ್ರೆ ಅಲ್ಲೇ ವಾಪಸ್ ಇಟ್ಟುಬಿಡಿ."

ಸಣ್ಣ ಅಕ್ಷರ! ಅವಳ ಪಕ್ಕದಲ್ಲಿ ಕೂತಿದ್ದ ಭೂತಗನ್ನಡಿಯ ಮುಖ ಅರಳಿತು. ಅಚ್ಚುಕೂಟ ಮುಚ್ಚಿದ ಮೇಲೆ ಅವನಿಗೆ ಸಿಕ್ಕ ಮೊದಲ ನೌಕರಿ ಇದು.

ಮರುದಿನವೇ ಹೆಂಡತಿಯನ್ನು ಕರೆದುಕೊಂಡು ದೊಡ್ಡ ಅಂಗಡಿಗೆ ಹೋದ. ಹಾಲಿನ ಸಾಲಿನೆದುರು ಮಂಡಿಯೂರಿ, ಒಂದೊಂದೇ ಪೊಟ್ಟಣ ತಿರುಗಿಸಿ, ಕನ್ನಡಿ ಹಿಡಿದು ಓದತೊಡಗಿದ. ಓಟ್ಸ್ ಹಾಲಿನ ಮುಂಭಾಗದಲ್ಲಿ "ಹೆಚ್ಚುವರಿ ಕ್ಯಾಲ್ಸಿಯಂ" ಅಂತ ದಪ್ಪ ಅಕ್ಷರ. ಹೆಚ್ಚು ಅಂದರೆ ಒಳ್ಳೇದೇ ಅಲ್ಲವೆ ಅಂತ ಅವಳು ಚೀಲಕ್ಕೆ ಹಾಕಹೊರಟಳು. "ತಡಿ" ಅಂದ ಅವನು. ಹಿಂದೆ, ಇರುವೆ ಕಾಲಿನಂಥ ಅಕ್ಷರದಲ್ಲಿ, ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಅಚ್ಚಿನ ತಪ್ಪು ಸಿಕ್ಕಾಗ ಬರುತ್ತಿದ್ದ ಅದೇ ಹಳೆಯ ನಗೆ ಅವನ ಮುಖದಲ್ಲಿ ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಗಾದೆ ಅವಳಿಗೆ ಗೊತ್ತಿತ್ತು. ಹಾಲಲ್ಲದ ಬೆಳ್ಳಗಿನದರಲ್ಲೂ ಇಷ್ಟೊಂದು ಜಾತಿ ಇರುತ್ತದೆಂದು ಆವತ್ತು ಗೊತ್ತಾಯಿತು.

ಬಹಳ ಹೊತ್ತು ಹೀಗೆ ನೆಲದ ಮೇಲಿದ್ದವನನ್ನು ನೋಡಿ ಅಂಗಡಿಯ ಕಾವಲಿನವನು ಹತ್ತಿರ ಬಂದ.

"ಏನ್ ಹುಡುಕ್ತಿದ್ದೀರಾ ಸಾರ್?"

"ಫಾಸ್ಫೇಟು."

"ಅದು ಇಲ್ಲಿಲ್ಲ ಸಾರ್. ಆ ಕಡೆ, ಹೂಕುಂಡಗಳ ಪಕ್ಕ. ಗೊಬ್ಬರ ಎಲ್ಲ ಅಲ್ಲೇ ಇಡ್ತೀವಿ."

ಆ ವಾರವೆಲ್ಲ ಮನೆಯ ಅಡುಗೆಮನೆ ಪ್ರಯೋಗಶಾಲೆಯಾಯಿತು. ಅಕ್ಕಿ ಹಾಲಿನ ಟೀ ಪಾತ್ರೆ ತೊಳೆದ ನೀರಿನ ಹಾಗಿತ್ತು. ಬಾದಾಮಿ ಹಾಲು ಒಲೆಯ ಮೇಲೆ ಕುದಿಯುವ ಟೀಗೆ ಹೊಯ್ದ ಕೂಡಲೆ ಒಡೆದು ಚೂರುಚೂರಾಯಿತು. ಕೊನೆಗೆ, ಏನೂ ಸೇರಿಸದ ಬಾದಾಮಿ ಹಾಲನ್ನು ಬೆಚ್ಚಗೆ ಮಾಡಿ, ಟೀ ಡಿಕಾಕ್ಷನ್ನನ್ನು ಕೆಳಗಿಳಿಸಿ, ಸ್ವಲ್ಪ ತಣಿದ ಮೇಲೆ ಬೆರೆಸಿದರೆ ಒಡೆಯುವುದಿಲ್ಲ ಅನ್ನುವುದನ್ನು ಅವಳ ಕೈಯೇ ಕಂಡುಹಿಡಿಯಿತು. ರುಚಿ? ಟೀಯ ದೂರದ ನೆಂಟನ ರುಚಿ. ಕುಡಿದು ಲೋಟ ಇಟ್ಟಳು.

"ಹೇಗಿದೆ?" ಅಂದ ಗಂಡ.

"ಸಾಯೋದಕ್ಕಿಂತ ಚೆನ್ನಾಗಿದೆ."

ಅವನು ಅಂದಿನಿಂದ ತಾನೂ ಹಾಲಿನ ಟೀ ಬಿಟ್ಟ. "ನೀನು ಕುಡೀದಿದ್ದನ್ನ ನಾನೂ ಕುಡಿಯಲ್ಲ" ಅಂತ ಪ್ರತಿಜ್ಞೆ ಬೇರೆ. ಅವಳಿಗೆ ಪ್ರೀತಿಯೂ ಬಂತು, ಸಂಕಟವೂ ಆಯಿತು. ತನ್ನಿಂದಾಗಿ ಇನ್ನೊಬ್ಬ ಬಾಯಿ ಕಟ್ಟುವುದು ತನ್ನ ಬಾಯಿ ಕಟ್ಟುವುದಕ್ಕಿಂತ ಭಾರ. ಬೇಡ ಅಂದರೆ ಅವನು ಕೇಳುವವನಲ್ಲ. ಬೆಳಿಗ್ಗೆ ಎದ್ದರೆ ಇಬ್ಬರೂ ಎದುರುಬದುರು ಕೂತು ಆ ದೂರದ ನೆಂಟನನ್ನು ಗುಟುಕರಿಸುತ್ತಿದ್ದರು.

ಎರಡು ತಿಂಗಳು ಕಳೆದು ಮತ್ತೆ ರಕ್ತ ಕೊಟ್ಟರು. ಫಾಸ್ಫರಸ್ ಇಳಿಯುವ ಬದಲು ಇನ್ನೂ ಒಂದು ಮೆಟ್ಟಿಲು ಹತ್ತಿ ಕೂತಿತ್ತು. ಮೇಡಂ ಹುಬ್ಬು ಗಂಟಿಕ್ಕಿದರು. "ಏನೋ ಒಂದು ಒಳಗೆ ಹೋಗ್ತಿದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಹೋಗೋದನ್ನೆಲ್ಲ ಹೇಳಿ." ಅವಳು ಹೇಳಿದಳು. ಏನೂ ಬಿಡಲಿಲ್ಲ, ಏನೂ ಮುಚ್ಚಿಡಲಿಲ್ಲ. "ಹೀಗೇ ಆದ್ರೆ ಬರೋ ವರ್ಷ ಆ ಪಕ್ಕದ ಕೋಣೆಗೆ ಬರಬೇಕಾಗುತ್ತೆ" ಅಂದರು ಮೇಡಂ, ಬೈಯದೆ, ಬೇಸರದಿಂದ.

ಮನೆಗೆ ಬಂದ ಮೇಲೆ ಗಂಡ ಎಲ್ಲ ಪೊಟ್ಟಣಗಳನ್ನೂ ಮತ್ತೊಮ್ಮೆ ಓದಿದ. ಅಚ್ಚಿನಲ್ಲಿ ಎಲ್ಲೂ ತಪ್ಪಿಲ್ಲ. ಹಾಗಾದರೆ ತಪ್ಪು ಹೆಂಡತಿಯಲ್ಲಿರಬೇಕು.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗಲ್ವೇನೆ? ಕ್ಯಾಂಟೀನಲ್ಲಿ ಕದ್ದು ಕುಡೀತಿದ್ದೀಯಾ?"

"ನನ್ನಾಣೆಗೂ ಒಂದು ಲೋಟ ಟೀ ಮುಟ್ಟಿಲ್ಲ."

ಸತ್ಯವನ್ನೇ ಹೇಳಿದ್ದಳು. ಅವನು ನಂಬಲಿಲ್ಲ. ಮರುದಿನದಿಂದ ಅವಳು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹತ್ತಿರ ಬಂದು, "ಎಲ್ಲಿ, ಬಾಯಿ ಬಿಡು" ಅನ್ನುತ್ತಿದ್ದ. ಕುಡುಕ ಗಂಡಂದಿರ ಬಾಯಿ ಮೂಸುವ ಹೆಂಡಿರನ್ನು ಕಂಡಿದ್ದೇವೆ, ಇಲ್ಲಿ ಎಲ್ಲ ತಿರುಗುಮುರುಗು. ಮೂಸಿ ಏನು ಪ್ರಯೋಜನ? ದಿನವಿಡೀ ಟೀ ಹಬೆಯಲ್ಲಿ ನಿಂತವಳ ಕೂದಲು, ಸೆರಗು, ಉಗುರು ಎಲ್ಲ ಟೀ ವಾಸನೆಯೇ. ಅವಳು ಬಾಯಿ ಬಿಡುತ್ತಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ಹಗಲು ಕಟ್ಟೆಯ ಹಿಂದೆ, ಸಂಜೆ ಅವನ ಮೂಗಿನ ಕೆಳಗೆ. ಎಲ್ಲಿಗೆ ಹೋದರೂ ಒಬ್ಬರೇ ನಿಲ್ಲುವಷ್ಟು ಜಾಗ, ಅಲ್ಲೂ ತಾನು ಕಳ್ಳಿ.

ಒಂದು ಬೆಳಿಗ್ಗೆ ಆ ಮುನಿಸಿನಲ್ಲೇ, ಸಂಜೆಯ ಲೋಟಕ್ಕೆಂದು ಒಯ್ಯುತ್ತಿದ್ದ ಬಾದಾಮಿ ಹಾಲಿನ ಫ್ಲಾಸ್ಕು ಮನೆಯಲ್ಲೇ ಮರೆತು ಹೋದಳು. ಗಂಡ ಅದನ್ನು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬಂದ. ಫ್ಲಾಸ್ಕು ಕೊಟ್ಟವನು ಹೋಗಲಿಲ್ಲ. ಕಟ್ಟೆಯ ಈಚೆ ಬದಿಯ ಸ್ಟೂಲಿನ ಮೇಲೆ ಕೂತ. ಬೇಹುಗಾರಿಕೆ ಅಂತ ಅವಳಿಗೆ ಗೊತ್ತಾಯಿತು. ಕೂರಲಿ, ಕಣ್ಣಾರೆ ನೋಡಲಿ ಅಂತ ತನ್ನ ಪಾಡಿಗೆ ಕೆಲಸ ಮಾಡಿದಳು. ಪಾತ್ರೆ ಇಟ್ಟಳು, ಕುದಿ ಬಂತು, ಅಂಗೈಗೆ ಹೊಯ್ದು ಹೀರಿದಳು, ಸಕ್ಕರೆ ಹಾಕಿದಳು, ಸೋಸಿದಳು. ಇನ್ನೊಂದು ಪಾತ್ರೆ. ಮತ್ತೊಂದು. ಗಂಡ ಮೊದಮೊದಲು ಅವಳ ಕೈಯನ್ನೇ ನೋಡಿದ. ಆಮೇಲೆ ಒಂದು ಖಾಲಿ ಲೋಟವನ್ನೂ ನೀರಿನ ಜಗ್ಗನ್ನೂ ಹತ್ತಿರ ಎಳೆದುಕೊಂಡು, ಆಗಾಗ ಲೋಟಕ್ಕೆ ಒಂದಿಷ್ಟು ನೀರು ಹಾಕತೊಡಗಿದ. ಕೂತು ಬೇಜಾರಾಗಿ ಆಟವಾಡುತ್ತಿದ್ದಾನೆ ಅಂದುಕೊಂಡಳು.

ಊಟದ ಹೊತ್ತಿಗೆ ಗಿರಾಕಿಗಳು ಕರಗಿದರು. ಅವನ ಮುಂದೆ ಒಂದು ಲೋಟ ಅಂಚಿನವರೆಗೂ ತುಂಬಿತ್ತು, ಎರಡನೆಯದು ಮುಕ್ಕಾಲಾಗಿತ್ತು.

"ಏನ್ರೀ ಇದು?"

"ಬೆಳಗಿಂದ ನೀನು ಕುಡಿದ ಟೀ."

"ನಾನೆಲ್ಲಿ ಕುಡಿದೆ? ರುಚಿ ನೋಡಿದೆ ಅಷ್ಟೆ."

"ರುಚಿ ನೋಡಿದ್ದು ಎಲ್ಲಿಗೆ ಹೋಯ್ತು?" ಅವನ ದನಿಯಲ್ಲಿ ಗೆದ್ದ ಧಿಮಾಕಿರಲಿಲ್ಲ. ಹೆದರಿದವನ ದನಿ. "ನೀನು ಒಂದೊಂದು ಸಲ ಹೀರಿದಾಗಲೂ ನಾನು ಅಷ್ಟೇ ನೀರು ಹಾಕಿದೆ. ಇನ್ನೂ ಮಧ್ಯಾಹ್ನ ಬಾಕಿ ಇದೆ."

ಅವಳು ಅಂಗೈ ನೋಡಿಕೊಂಡಳು, ಲೋಟ ನೋಡಿದಳು. ಹನಿಹನಿ ಗೂಡಿದರೆ ಹಳ್ಳ ಅಂತ ತಾನೇ ಎಷ್ಟು ಜನಕ್ಕೆ ಹೇಳಿದ್ದಳೋ. ರುಚಿ ನೋಡುವುದು ಕುಡಿಯುವುದು ಅಂತ ಒಂದು ದಿನಕ್ಕಾದರೂ ಅನ್ನಿಸಿದ್ದಿಲ್ಲ. ಸೌಟು ತೊಳೆಯುವ ಹಾಗೆ, ಒಲೆ ಹಚ್ಚುವ ಹಾಗೆ ಅದೂ ಒಂದು ಕೆಲಸ. ಮನೆಯಲ್ಲಿ ಎರಡು ಲೋಟಕ್ಕೆ ಅಷ್ಟೆಲ್ಲ ಪೊಟ್ಟಣ ತಿರುಗಿಸಿ, ಇಲ್ಲಿ ಗಟ್ಟಿ ಹಾಲಿನ ಟೀಯನ್ನು ಲೋಟಗಟ್ಟಲೆ ಇಳಿಸಿದ್ದಳು. ಅವಳಿಗೆ ನಗು ಬಂತು. ಆಮೇಲೆ ಆ ಗಾಜಿನ ಬಾಗಿಲು ನೆನಪಾಗಿ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಸರಿ, ಇನ್ನು ಅಂಗೈಗೆ ಹೊಯ್ದುಕೊಳ್ಳುವುದಿಲ್ಲ ಅಂದುಕೊಂಡಳು. ಅಂದುಕೊಂಡಷ್ಟು ಸುಲಭವೆ? ಬಣ್ಣ ನೋಡಿ ಅಂದಾಜು ಮಾಡಿದಳು. ಹಾಲು ಒಂದು ದಿನ ಗಟ್ಟಿ, ಒಂದು ದಿನ ನೀರು, ಬಣ್ಣ ಸುಳ್ಳು ಹೇಳಿತು. ಬಾಯಿಗೆ ಹಾಕಿ ಉಗುಳೋಣವೆಂದು ಕಟ್ಟೆಯ ಕೆಳಗೆ ಡಬ್ಬಿ ಇಟ್ಟಳು. ನಾಲಗೆ ಸಕ್ಕರೆಯ ಲೆಕ್ಕ ಹೇಳಿತು, ಟೀಯ ಲೆಕ್ಕ ಹೇಳಬೇಕಾದ ಗಂಟಲಿಗೆ ಏನೂ ತಲುಪಲಿಲ್ಲ. ಅವಳು ಉಗುಳುವುದನ್ನು ಲೆಕ್ಕಪತ್ರ ವಿಭಾಗದ ಹೆಂಗಸೊಬ್ಬಳು ನೋಡಿ, ತುಂಬಿದ ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟು ಹೋದಳು. ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ ಅಂತ ಜನ ಮಾತಿಗೆ ಹೇಳುತ್ತಾರೆ. ಅವಳ ಪಾಲಿಗೆ ಅದು ದಿನಚರಿ.

"ಅಕ್ಕಾ, ಟೀಗೆ ಏನಾಯ್ತು?" ಅಂದ ಲಿಫ್ಟಿನವನು. "ನಿನ್ನೆ ಕಷಾಯ, ಇವತ್ತು ಪಾಯಸ."

ಕಟ್ಟಡದ ಮ್ಯಾನೇಜರು ಕೆಳಗಿಳಿದು ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ಕ್ಷಮೆ ಕೇಳುವ ದನಿಯಲ್ಲೇ ಹೇಳುತ್ತಿದ್ದರು. "ಮೇಲಿನವರು ಮಷಿನ್ ತರಿಸಿ ಅಂತಿದ್ದಾರಮ್ಮ. ಗುಂಡಿ ಒತ್ತಿದ್ರೆ ಟೀ ಬರುತ್ತಂತೆ, ಯಾವಾಗ್ಲೂ ಒಂದೇ ರುಚಿ. ಈ ತಿಂಗಳು ನೋಡೋಣ ಅಂದಿದ್ದೀನಿ."

ಮೇಲೊಂದು ಯಂತ್ರ, ಆಸ್ಪತ್ರೆಯಲ್ಲೊಂದು ಯಂತ್ರ. ಹೀರಿದರೆ ಅದು, ಹೀರದಿದ್ದರೆ ಇದು. ಕ್ಯಾಂಟೀನು ಬಿಟ್ಟುಬಿಡಲೇ ಅಂತ ಯೋಚಿಸಿದಳು. ಗಂಡನಿಗೆ ಕೆಲಸವಿಲ್ಲ, ಮನೆ ನಡೆಯುವುದು, ಔಷಧಿ ಬರುವುದು, ಆ ಬಾದಾಮಿ ಹಾಲು ಬರುವುದು ಕೂಡ ಈ ಕಟ್ಟೆಯಿಂದಲೇ. ಅದಕ್ಕಿಂತ ಹೆಚ್ಚಾಗಿ, ಈ ಕತ್ತಲೆ ಮೂಲೆಯನ್ನು ಜೀವಮಾನವೆಲ್ಲ ಶಪಿಸಿದವಳಿಗೆ, ಇದನ್ನು ಬಿಟ್ಟರೆ ತಾನು ಯಾರು ಅಂತಲೇ ಗೊತ್ತಿರಲಿಲ್ಲ.

ಆ ದಿನ ಗಂಡ ಬಹಳ ಹೊತ್ತು ಕನ್ನಡಿಯನ್ನು ಅಂಗಿಗೆ ಒರೆಸುತ್ತ ಕೂತಿದ್ದ. ಆಮೇಲೆ ಅಂದ:

"ನಾನು ಕುಡಿದು ಹೇಳ್ತೀನಿ."

"ನಿಮಗೇನ್ರೀ ಗೊತ್ತಾಗುತ್ತೆ? ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಅಂತ ಉಣ್ಣೋರು."

"ಕಲೀತೀನಿ."

ಮರುದಿನ ಅವನೂ ಹಲಗೆ ಎತ್ತಿ, ಬಗ್ಗಿ, ಒಳಗೆ ನುಸುಳಿದ. ಒಬ್ಬರ ಜಾಗದಲ್ಲಿ ಇಬ್ಬರಾದರು. ಅವಳು ತಿರುಗಿದರೆ ಅವನ ಮೊಣಕೈ, ಅವನು ತಿರುಗಿದರೆ ಅವಳ ಸೌಟು. ಮೊದಲ ಪಾತ್ರೆ ಕುದಿ ಬಂತು. ಅವಳು ಅವನ ಅಂಗೈಗೆ ಹೊಯ್ದಳು. ಅವನು ಹೀರಿದ.

"ಹೇಗಿದೆ?"

"ತಪ್ಪೇನೂ ಕಾಣಿಸ್ತಿಲ್ಲ."

"ಕಾಣಿಸೋದಲ್ಲ ರೀ. ರುಚಿ ಹೇಗಿದೆ?"

"ಬಿಸಿ ಇದೆ."

ಅವಳಿಗೆ ಸೌಟಿನಿಂದಲೇ ಬಾರಿಸಬೇಕೆನಿಸಿತು. ಒಂದು ವಾರ ಹೀಗೇ ನಡೆಯಿತು. ಒಗರು ಅಂದರೆ ಯಾವುದು, ಕುದಿ ಹೆಚ್ಚಾದರೆ ಬರುವ ಕಹಿ ಯಾವುದು, ಎಷ್ಟು ಹೇಳಿದರೂ ಅವನ ನಾಲಗೆಗೆ ಹತ್ತಲಿಲ್ಲ. ಮ್ಯಾನೇಜರ ತಿಂಗಳು ಸವೆಯುತ್ತಿತ್ತು. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಬಿಟ್ಟ ಮೇಲೆ, ಸುಮ್ಮನೆ ಅವನ ಮುಖ ನೋಡಿದಳು. ಅಷ್ಟು ಹತ್ತಿರ ನಿಂತು ಬೇರೆಲ್ಲಿಗೆ ನೋಡುವುದು? ಸಕ್ಕರೆ ಹೆಚ್ಚಾದಾಗ ಅವನ ಎಡಹುಬ್ಬು ಒಂದಿಷ್ಟು ಮೇಲೇಳುತ್ತಿತ್ತು. ಹಾಲು ಹೆಚ್ಚಾದಾಗ ತುಟಿಯನ್ನು ಎರಡು ಸಲ ಸವರಿಕೊಳ್ಳುತ್ತಿದ್ದ. ಕಹಿಯಾದರೆ ನುಂಗುವ ಮುಂಚೆ ಗಂಟಲ ಗಂಟು ಅರೆಗಳಿಗೆ ನಿಲ್ಲುತ್ತಿತ್ತು. ಅವನಿಗೇ ಗೊತ್ತಿಲ್ಲದ ಸುದ್ದಿಯೆಲ್ಲ ಅವನ ಮುಖದಲ್ಲಿ ಅಚ್ಚಾಗುತ್ತಿತ್ತು, ಅದನ್ನು ಅವಳು ಓದಿದಳು. ಹುಬ್ಬು ಎದ್ದರೆ ಡಿಕಾಕ್ಷನ್ನು, ಗಂಟು ನಿಂತರೆ ಒಂದು ಸುತ್ತು ಹಾಲು. ಹುಬ್ಬು, ತುಟಿ, ಗಂಟು ಮೂರೂ ತೆಪ್ಪಗಿದ್ದು, ಅವನು ಕಣ್ಣು ಮಿಟುಕಿಸುವುದನ್ನೂ ಮರೆತು ನಿಂತರೆ, ಆಗ ಸೋಸುವುದು.

"ಅಕ್ಕಾ, ನಿಮ್ಮ ಕೈ ವಾಪಸ್ ಬಂತು" ಅಂದ ಲಿಫ್ಟಿನವನು, ಕುಡಿದು ಲೋಟ ಕೆಳಗಿಡುತ್ತ. ಮ್ಯಾನೇಜರು ಮಷಿನ್ನಿನ ಮಾತೆತ್ತಲಿಲ್ಲ. ಮುಂದಿನ ಸಲ ರಕ್ತ ಕೊಟ್ಟಾಗ ಫಾಸ್ಫರಸ್ ಇಳಿದಿತ್ತು, ತುರಿಕೆಯೂ ತಗ್ಗಿತ್ತು. "ಹೀಗೇ ಇದ್ರೆ ಆ ಕೋಣೆ ಇನ್ನೂ ದೂರ ಇದೆ" ಅಂದರು ಪಥ್ಯದ ಮೇಡಂ. ದೂರ ಇದೆ ಅಂದರೇ ಹೊರತು ಇಲ್ಲ ಅನ್ನಲಿಲ್ಲ. ಟೀ ಅಕ್ಕ ಆ ವ್ಯತ್ಯಾಸವನ್ನು ಗಮನಿಸಿದಳು. ಗಾಜಿನ ಬಾಗಿಲ ಮುಂದೆ ಹಾದುಹೋಗುವಾಗ ಈ ಸಲವೂ ನಡಿಗೆ ಚುರುಕು ಮಾಡಿದಳು.

ಗಂಡನೀಗ ದಿನವಿಡೀ ಅವಳ ಟೀ ಕುಡಿಯುವವನು. ಅವಳು ಬಿಟ್ಟದ್ದನ್ನು ತಾನೂ ಬಿಡುತ್ತೇನೆ ಅಂದಿದ್ದ ಪ್ರತಿಜ್ಞೆ ಅವಳಿಗೋಸ್ಕರವೇ ಮುರಿದುಬಿದ್ದಿತ್ತು. ಅದು ಅವನನ್ನು ಒಳಗೇ ಕೊರೆಯುತ್ತಿರಬೇಕು. ಸಂಜೆ ಮನೆಗೆ ಬಂದವನೇ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಹೋಗಿ, ಹಲ್ಲುಜ್ಜಿ, ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ, ಆಮೇಲಷ್ಟೇ ಅವಳ ಹತ್ತಿರ ಬರುತ್ತಿದ್ದ.

ಒಂದು ಸಂಜೆ ಅವನು ಬಚ್ಚಲ ಕಡೆ ತಿರುಗಿದಾಗ ಅವಳು ಅವನ ಅಂಗಿಯ ತೋಳು ಹಿಡಿದಳು.

"ಬಾಯಿ ತೊಳೀಬೇಡಿ."

"ಯಾಕೆ?"

"ಸುಮ್ನೆ. ಇಲ್ಲಿ ಕೂತ್ಕೊಳ್ಳಿ. ಇನ್ನೂ ಹತ್ತಿರ. ಏನಾದ್ರೂ ಮಾತಾಡಿ."

ಅವನು ಕೂತ. ಅವಳ ಮುಖ ನೋಡಿದ. ಹಿಂದೆ ತಾನು ಅವಳ ಬಾಯಿ ಬಿಡಿಸಿ ಮೂಸುತ್ತಿದ್ದುದು ನೆನಪಾಗಿರಬೇಕು, ಕಣ್ಣು ಕೆಳಗೆ ಹೋಯಿತು. "ಏನು ಮಾತಾಡಲಿ?" ಅಂದ.

"ಏನಾದ್ರೂ."

ಮಾತಿನಲ್ಲಿ ಅವನು ಎಂದೂ ಗಟ್ಟಿಗನಲ್ಲ. ಮೇಜಿನ ಮೇಲೆ ಬಾದಾಮಿ ಹಾಲಿನ ಪೊಟ್ಟಣವಿತ್ತು. ಅದನ್ನೇ ತಿರುಗಿಸಿ, ಜೇಬಿನಿಂದ ಕನ್ನಡಿ ತೆಗೆದು, ಹಿಂಭಾಗದ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಜೋರಾಗಿ ಓದತೊಡಗಿದ. ನೀರು. ಬಾದಾಮಿ. ಉಪ್ಪು. ಓದುವುದು ಬೇಗ ಮುಗಿಯಿತು. ಅವಳು ಏಳಲಿಲ್ಲ. ಅವನು ಮತ್ತೆ ಮೊದಲಿನಿಂದ ಶುರುಮಾಡಿದ, ಈ ಸಲ ನಿಧಾನವಾಗಿ, ಮುಖವನ್ನು ಅವಳ ಕಡೆಗೆ ತಿರುಗಿಸಿ. ಅವನ ಉಸಿರಿನಲ್ಲಿ ಅವಳ ಟೀ ಇತ್ತು. ಅವಳು ಕಣ್ಣು ಅರೆಮುಚ್ಚಿ, ಬರೀ ಬಾಯಲ್ಲಿ, ನುಂಗಿದಳು.